ಸಣ್ಣ ದೋಣಿಯ ನ್ಯಾವಿಗೇಷನ್ ದೀಪಗಳು: ಒಂದೇ ಫ್ಯೂಸೋ, ದೀಪಕ್ಕೊಂದು ಫ್ಯೂಸೋ?

ಎಲ್ಲ ನ್ಯಾವಿಗೇಷನ್ ದೀಪಗಳೂ ಒಂದೇ ಫ್ಯೂಸಿನ ಮೇಲಿದ್ದರೆ, ಮುಂತುದಿಯ ದೀಪದ ಬುಡಕ್ಕೆ ಉಪ್ಪುನೀರು ನುಗ್ಗಿ ಶಾರ್ಟ್ ಆದ ಕ್ಷಣವೇ ಹಿಂದಿನ ಬಿಳಿ ದೀಪವೂ ಆರುತ್ತದೆ. ಕತ್ತಲಲ್ಲಿ ಬರುತ್ತಿರುವ ಇನ್ನೊಂದು ದೋಣಿಗೆ ಆಮೇಲೆ ನೀವು ಕಾಣುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ಪ್ರತಿ ಆಯ್ಕೆಯನ್ನೂ ಮೊದಲು ಒಂದು ಪ್ರಶ್ನೆಯಿಂದ ಅಳೆದಿದ್ದೇವೆ: ಒಂದು ಕಡೆ ಕೆಟ್ಟರೆ, ಉಳಿದದ್ದು ಉರಿಯುತ್ತಿರುತ್ತದೆಯೇ? ಬೆಲೆ, ಅಂದ, ಕೆಲಸದ ಸುಲಭ ಎಲ್ಲ ಅದರ ನಂತರ. ಇಲ್ಲಿನ ಲೆಕ್ಕಗಳು 12 ವೋಲ್ಟ್ ಬ್ಯಾಟರಿ ಇರುವ, 12 ಮೀಟರಿಗಿಂತ ಚಿಕ್ಕ ದೋಣಿಗಳಿಗೆ.

ಮೊದಲು, ಯಾವ ದೀಪಗಳು ಬೇಕು

1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು, ಅಂದರೆ ಕೋಲ್‌ರೆಗ್ಸ್, ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು. ಎರಡೂ ನೇರ ಮುಂದಿನಿಂದ ಆಯಾ ಬದಿಗೆ 112.5 ಡಿಗ್ರಿಯವರೆಗೆ ಕಾಣಬೇಕು. ಹಿಂತುದಿಯ ಬಿಳಿ ದೀಪಕ್ಕೆ 135 ಡಿಗ್ರಿ, ಎಂಜಿನ್ ಮೇಲೆ ಹೋಗುವಾಗಿನ ಮುಂದಿನ ಬಿಳಿ ದೀಪಕ್ಕೆ 225 ಡಿಗ್ರಿ. 12 ಮೀಟರಿಗಿಂತ ಚಿಕ್ಕ ಎಂಜಿನ್ ದೋಣಿ ಈ ಎರಡು ಬಿಳಿ ದೀಪಗಳ ಬದಲು ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಹಾಕಬಹುದು. ಸಣ್ಣ ದೋಣಿಗೆ ನಮ್ಮ ಆಯ್ಕೆಯೂ ಅದೇ. ಒಂದು ದೀಪ ಕಡಿಮೆಯಾದರೆ ಒಂದು ಜೋಡಿ ವೈರು ಕಡಿಮೆ, ಲಂಗರು ಹಾಕಿದಾಗ ಅದೇ ದೀಪ ಲಂಗರು ದೀಪವೂ ಆಗುತ್ತದೆ. ಆದರೆ ಅದು ಕೆಂಪು-ಹಸಿರು ದೀಪಗಳಿಗಿಂತ ಕನಿಷ್ಠ 1 ಮೀಟರ್ ಎತ್ತರದಲ್ಲಿರಬೇಕು. ಕುಳಿತವರ ತಲೆ, ಎಂಜಿನ್, ಚಾವಣಿ ಯಾವುದೂ ಅದಕ್ಕೆ ಅಡ್ಡ ಬರಬಾರದು.

ಈ ಅಳತೆಯ ದೋಣಿಯಲ್ಲಿ ಬಿಳಿ ದೀಪ 2 ನಾಟಿಕಲ್ ಮೈಲಿ, ಕೆಂಪು-ಹಸಿರು 1 ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು. ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಅಂಕಿ ಇದೆಯೇ ನೋಡಿ. ವ್ಯಾಟ್ ಎಷ್ಟೆಂದು ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಫಿಲಮೆಂಟ್ ಬಲ್ಬೋ, ಎಲ್‌ಇಡಿಯೋ

ಈ ತೀರ್ಮಾನ ಮೊದಲು ಆಗಲಿ, ಏಕೆಂದರೆ ವೈರಿನ ದಪ್ಪ, ಫ್ಯೂಸಿನ ಅಳತೆ, ಬ್ಯಾಟರಿಯ ಬಾಳಿಕೆ ಮೂರೂ ಇದರ ಬೆನ್ನಿಗೇ ಬರುತ್ತವೆ.

10 ವ್ಯಾಟಿನ ಮೂರು ಬಲ್ಬುಗಳು ಸೇರಿ 2.5 ಆಂಪ್ ಎಳೆಯುತ್ತವೆ. ಹತ್ತು ಗಂಟೆಯ ರಾತ್ರಿಗೆ 25 ಆಂಪ್-ಅವರ್. 2 ವ್ಯಾಟಿನ ಮೂರು ಎಲ್‌ಇಡಿ ದೀಪಗಳು ಎಳೆಯುವುದು ಅರ್ಧ ಆಂಪ್, ರಾತ್ರಿಗೆ 5 ಆಂಪ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ಲೆಕ್ಕ ಹಿಡಿದರೆ, ಬಲ್ಬಿನ ದೋಣಿಗೆ ದೀಪಕ್ಕೆಂದೇ 50 ಆಂಪ್-ಅವರ್ ಬ್ಯಾಟರಿ ಬೇಕಾಯಿತು. ಎಂಜಿನ್ ಸ್ಟಾರ್ಟ್ ಮಾಡಲೂ ಅದೇ ಬ್ಯಾಟರಿ ಆಗಿದ್ದರೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ವ್ಯತ್ಯಾಸ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ವೋಲ್ಟೇಜ್ ಸ್ವಲ್ಪ ಬಿದ್ದರೂ ಫಿಲಮೆಂಟ್ ಬಲ್ಬಿನ ಬೆಳಕು ಬಹಳ ಬೀಳುತ್ತದೆ. ವೋಲ್ಟೇಜ್ ಶೇ. 5 ಕಡಿಮೆಯಾದರೆ ಬೆಳಕು ಸುಮಾರು ಶೇ. 15 ಕಡಿಮೆ, ಶೇ. 10 ಕಡಿಮೆಯಾದರೆ ಬೆಳಕಿನ ಮೂರನೇ ಒಂದು ಪಾಲಿನಷ್ಟು ಹೋಯಿತು. ಒಳಗೆ ಡ್ರೈವರ್ (ಕರೆಂಟನ್ನು ಒಂದೇ ಮಟ್ಟದಲ್ಲಿಡುವ ಸರ್ಕ್ಯೂಟ್) ಇರುವ ಒಳ್ಳೆಯ ಎಲ್‌ಇಡಿ ದೀಪ 10ರಿಂದ 15 ವೋಲ್ಟಿನ ನಡುವೆ ಒಂದೇ ಸಮ ಬೆಳಗುತ್ತದೆ. ಡ್ರೈವರ್ ಇಲ್ಲದ, ಬರೀ ರೆಸಿಸ್ಟರ್ ಹಾಕಿದ ಅಗ್ಗದ ಎಲ್‌ಇಡಿ ಬೇರೆ ಮಾತು: ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ಬರುತ್ತದೆ, ಅದು ಕಾದು ಬೇಗ ಸಾಯುತ್ತದೆ.

ಹಳೆಯ ದೀಪದ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ತುರುಕುವ ನಡುದಾರಿಯೂ ಇದೆ. ಬಹಳ ಜನ ಹಿಡಿಯುವ ದಾರಿ, ಆದರೆ ನಾವು ಒಪ್ಪುವುದಿಲ್ಲ. ಕೆಂಪು-ಹಸಿರಿನ ಗಡಿ ಚೂಪಾಗಿ ಬೀಳುವುದು ಫಿಲಮೆಂಟ್ ಒಂದೇ ಸಣ್ಣ ಗೆರೆಯಾಗಿ ಸರಿಯಾದ ಜಾಗದಲ್ಲಿ ನಿಂತಿರುವುದರಿಂದ. ಸುತ್ತಲೂ ಚಿಪ್ ಅಂಟಿಸಿದ ಎಲ್‌ಇಡಿ ಬಲ್ಬಿನಲ್ಲಿ ಆ ಗಡಿ ಕಲಸಿಹೋಗುತ್ತದೆ. ಎದುರಿನವನಿಗೆ ಕೆಂಪು-ಹಸಿರು ಎರಡೂ ಅಗಲಕ್ಕೆ ಒಟ್ಟಿಗೆ ಕಂಡರೆ ನೀವು ಯಾವ ಕಡೆ ತಿರುಗುತ್ತಿದ್ದೀರಿ ಎಂದು ಗೊತ್ತಾಗದು. ತಣ್ಣನೆಯ ಬಿಳಿ ಎಲ್‌ಇಡಿ ಹಸಿರು ಗಾಜಿನ ಹಿಂದೆ ನೀಲಿಗೂ ತಿರುಗುತ್ತದೆ. ಬದಲಿಸುವುದಾದರೆ ಇಡೀ ದೀಪವನ್ನೇ ಬದಲಿಸಿ.

ಹೊಸದಾಗಿ ವೈರಿಂಗ್ ಮಾಡುವವರಿಗೆ ಎಲ್‌ಇಡಿ. ಈಗಿರುವ ಬಲ್ಬಿನ ದೀಪ ಗಟ್ಟಿಮುಟ್ಟಾಗಿದ್ದು ರಾತ್ರಿ ಓಡಾಟ ಅಪರೂಪವಾದರೆ ಬಲ್ಬೇ ಸಾಕು, ಆ ಹಣ ವೈರಿಗೆ ಹಾಕಿ.

ಫ್ಯೂಸನ್ನು ಹಂಚುವ ಮೂರು ಬಗೆ

ಫ್ಯೂಸ್ ಇರುವುದು ದೀಪವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಶಾರ್ಟ್ ಆದಾಗ ವೈರು ಕಾದು ಬೆಂಕಿಯಾಗುವ ಮೊದಲು ಫ್ಯೂಸ್ ಕರಗಬೇಕು. ಹಾಗಾಗಿ ಫ್ಯೂಸಿನ ಗರಿಷ್ಠ ಮಿತಿಯನ್ನು ಆ ಸಾಲಿನ ಅತಿ ತೆಳುವಾದ ವೈರು ನಿರ್ಧರಿಸುತ್ತದೆ, ಕನಿಷ್ಠ ಮಿತಿಯನ್ನು ದೀಪ ಎಳೆಯುವ ಕರೆಂಟು.

ಮೊದಲ ಬಗೆ: ಸ್ವಿಚ್ಚಿಗೆ ಮೊದಲು ಎಲ್ಲಕ್ಕೂ ಸೇರಿ ಒಂದು 5 ಆಂಪ್ ಫ್ಯೂಸ್. ಕಾರ್ಖಾನೆಯಿಂದ ಬರುವ ಸಣ್ಣ ದೋಣಿಗಳಲ್ಲಿ ಸಾಮಾನ್ಯ. ಸರಳ, ಅಗ್ಗ, ಸರಿಯಾಗಿ ಮಾಡಿದರೆ ಬೆಂಕಿಯ ಭಯವಿಲ್ಲ. ಕೊರತೆಯನ್ನು ಆಗಲೇ ಹೇಳಿದ್ದೇವೆ: ಒಂದು ದೀಪದ ಶಾರ್ಟ್ ಎಲ್ಲವನ್ನೂ ಆರಿಸುತ್ತದೆ. ಜೊತೆಗೆ ತೊಂದರೆ ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕಬೇಕು. ಆ ಗಡಿಬಿಡಿಯಲ್ಲಿ 15 ಆಂಪಿನ ಫ್ಯೂಸ್ ಸಿಕ್ಕಿಸುವವರು ಕಡಿಮೆಯಿಲ್ಲ.

15 ಆಂಪ್ ಏಕೆ ಬೇಡ ಎಂಬುದನ್ನು ಬಿಡಿಸಿ ಹೇಳಬೇಕು. ತಾಮ್ರಕ್ಕೆ ತಾಮ್ರ ನೇರ ತಾಗಿದ ಶಾರ್ಟ್ ಆದರೆ 1 ಚದರ ಮಿ.ಮೀ. ವೈರಿನ 8 ಮೀಟರ್ ಸಾಲಿನಲ್ಲೂ ಸುಮಾರು 40 ಆಂಪ್ ಹರಿಯುತ್ತದೆ. 5 ಆದರೂ 15 ಆದರೂ ಫ್ಯೂಸ್ ಹೋಗುತ್ತದೆ. ಆದರೆ ದೋಣಿಯಲ್ಲಿ ಆಗುವ ಶಾರ್ಟ್ ಹೆಚ್ಚಾಗಿ ಅರೆಬರೆ. ದೀಪದ ಬುಡದಲ್ಲಿ ಉಪ್ಪುನೀರು, ಹಸಿರು ಕಿಲುಬು ಸೇರಿ ಪಾಸಿಟಿವ್‌ನಿಂದ ನೆಗೆಟಿವ್‌ಗೆ ಒಂದು ಕೆಟ್ಟ ಸೇತುವೆ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಹರಿಯುವುದು 5-6 ಆಂಪ್ ಅಂತಿಟ್ಟುಕೊಳ್ಳಿ. 12 ವೋಲ್ಟಿನಲ್ಲಿ 6 ಆಂಪ್ ಎಂದರೆ 72 ವ್ಯಾಟ್ ಬಿಸಿ, ಅದೂ ಪ್ಲಾಸ್ಟಿಕ್ ದೀಪದ ಒಳಗೆ. 15 ಆಂಪ್ ಫ್ಯೂಸ್ ಇದನ್ನು ಗಮನಿಸುವುದೇ ಇಲ್ಲ. 5 ಆಂಪಿನದೂ ಬಹಳ ಹೊತ್ತು ಸಹಿಸಬಹುದು: ಬ್ಲೇಡ್ ಫ್ಯೂಸ್ (ಎರಡು ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸ್) ತನ್ನ ಅಳತೆಗಿಂತ ಶೇ. 10 ಹೆಚ್ಚು ಕರೆಂಟನ್ನು ನೂರು ಗಂಟೆ ತಡೆಯುವಂತೆಯೇ ತಯಾರಾಗಿರುತ್ತದೆ. 2 ಆಂಪಿನ ಫ್ಯೂಸಿಗೆ ಇದು ಮೂರು ಪಟ್ಟು ಹೊರೆ, ತಕ್ಷಣ ಕರಗುತ್ತದೆ. ದೀಪಕ್ಕೊಂದು ಸಣ್ಣ ಫ್ಯೂಸ್ ಇರಲಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಎರಡನೆಯ ಬಗೆ: ದೀಪಕ್ಕೊಂದು ಸ್ವಿಚ್, ದೀಪಕ್ಕೊಂದು ಫ್ಯೂಸ್. ವಿದ್ಯುತ್ತಿನ ದೃಷ್ಟಿಯಿಂದ ಅತ್ಯುತ್ತಮ, ಬಳಕೆಯಲ್ಲಿ ಅಲ್ಲ. ಸ್ವಿಚ್ಚುಗಳು ಹೆಚ್ಚಾದಷ್ಟೂ ತಪ್ಪು ದೀಪ ಹಾಕುವ ಸಾಧ್ಯತೆ ಹೆಚ್ಚು. ಕೆಂಪು-ಹಸಿರು ಹಾಕಿ ಬಿಳಿ ಮರೆತರೆ ಎಂಜಿನ್ ದೋಣಿ ದೂರಕ್ಕೆ ಹಾಯಿದೋಣಿಯಂತೆ ಕಾಣುತ್ತದೆ.

ಮೂರನೆಯ ಬಗೆ: ಒಂದೇ ಸ್ವಿಚ್, ಅದರಾಚೆ ಪ್ರತಿ ದೀಪಕ್ಕೆ ಬೇರೆ ಫ್ಯೂಸ್. ಪ್ಯಾನೆಲ್‌ನಲ್ಲಿ 5 ಆಂಪ್, ಸ್ವಿಚ್ ದಾಟಿದ ಮೇಲೆ ನಾಲ್ಕೋ ಆರೋ ದಾರಿಯ ಒಂದು ಪುಟ್ಟ ಬ್ಲೇಡ್ ಫ್ಯೂಸ್ ಬ್ಲಾಕ್, ಅದರಲ್ಲಿ ಪ್ರತಿ ದೀಪಕ್ಕೆ 2 ಆಂಪ್. ಮುಂದಿನ ದೀಪ ಶಾರ್ಟ್ ಆದರೆ ಅದರ 2 ಆಂಪ್ ಮಾತ್ರ ಹೋಗುತ್ತದೆ, ಬಿಳಿ ದೀಪ ಉರಿಯುತ್ತಲೇ ಇರುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಮೇಲಿನ ಫ್ಯೂಸ್ ಕೆಳಗಿನದರ ಎರಡು ಪಟ್ಟಿಗಿಂತ ಹೆಚ್ಚಿರಬೇಕು. 3ರ ಕೆಳಗೆ 2 ಇಟ್ಟರೆ ಶಾರ್ಟಿನಲ್ಲಿ ಎರಡೂ ಒಟ್ಟಿಗೆ ಹೋಗಬಹುದು. ಎರಡಕ್ಕಿಂತ ಹೆಚ್ಚು ದೀಪ ಇರುವ ಯಾವುದೇ ದೋಣಿಗೆ ನಾವು ಇದನ್ನೇ ಹೇಳುತ್ತೇವೆ.

ಅಳತೆ ಹೀಗೆ ಲೆಕ್ಕ ಹಾಕಿ: ದೀಪದ ಆಂಪನ್ನು 0.75ರಿಂದ ಭಾಗಿಸಿ, ಅದರ ಮೇಲಿನ ಸಿಗುವ ಅಳತೆ ತೆಗೆದುಕೊಳ್ಳಿ. 10 ವ್ಯಾಟ್ ಬಲ್ಬ್ 0.83 ಆಂಪ್, ಭಾಗಿಸಿದರೆ 1.1, ಆದ್ದರಿಂದ 2 ಆಂಪ್. 25 ವ್ಯಾಟಿನ ಬಲ್ಬ್ 2.1 ಆಂಪ್; ಭಾಗಿಸಿದರೆ 2.8, 3 ಆಂಪ್ ಸಾಕು. ತಣ್ಣಗಿರುವ ಫಿಲಮೆಂಟ್ ಹೊತ್ತಿಕೊಳ್ಳುವಾಗ ಹತ್ತು ಪಟ್ಟಿನಷ್ಟು ಕರೆಂಟು ಕೆಲವು ಮಿಲಿಸೆಕೆಂಡು ನುಗ್ಗುತ್ತದೆ, ದಿನವೂ ಹಾಗೆ ಬಡಿಸಿಕೊಂಡ 3 ಆಂಪ್ ಫ್ಯೂಸ್ ಕಾರಣವಿಲ್ಲದೆ ಹೋಗತೊಡಗಿದರೆ 5ಕ್ಕೆ ಏರಿಸಿ; 1 ಚದರ ಮಿ.ಮೀ. ವೈರಿಗೆ 5 ಆಂಪ್ ಯಾವ ಅಪಾಯವೂ ಅಲ್ಲ. ಹಾಗೆ ಏರಿಸಿದ ದೋಣಿಯಲ್ಲಿ ಮೇಲಿನ ಫ್ಯೂಸ್ 15 ಆಗಬೇಕಾಗುತ್ತದೆ, ಆಗ ಪ್ಯಾನೆಲ್‌ನಿಂದ ಫ್ಯೂಸ್ ಬ್ಲಾಕಿನವರೆಗಿನ ವೈರು 2.5 ಚದರ ಮಿ.ಮೀ. ಇರಲಿ.

ಇವೆಲ್ಲಕ್ಕೂ ಮೇಲೆ ಬ್ಯಾಟರಿಯ ಪಕ್ಕದಲ್ಲೇ ಮುಖ್ಯ ಫ್ಯೂಸ್ ಇರಲೇಬೇಕು. ದೋಣಿಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಎಬಿವೈಸಿ ಸಂಸ್ಥೆಯ ಇ-11 ಮಾನದಂಡ ಇದನ್ನು ವೈರಿನ ಉದ್ದದಲ್ಲಿ ಅಳೆದು 7 ಇಂಚಿನ, ಅಂದರೆ ಸುಮಾರು 18 ಸೆಂ.ಮೀ. ಒಳಗೆ ಇಡಲು ಹೇಳುತ್ತದೆ. ಪ್ಯಾನೆಲ್‌ಗೆ 6 ಚದರ ಮಿ.ಮೀ. ವೈರು ಹೋಗುತ್ತಿದ್ದರೆ ಅಲ್ಲಿ 30 ಆಂಪ್. ಇದನ್ನು ಬಿಟ್ಟರೆ ಬ್ಯಾಟರಿಯಿಂದ ಪ್ಯಾನೆಲ್‌ವರೆಗಿನ ವೈರಿಗೆ ಯಾವ ಕಾವಲೂ ಇಲ್ಲ. ಎಲ್ಲಾದರೂ ಉಜ್ಜಿ ಸಿಪ್ಪೆ ಹೋದರೆ ಇಡೀ ಬ್ಯಾಟರಿಯ ಶಕ್ತಿ ಅಲ್ಲಿಯೇ ಸುರಿಯುತ್ತದೆ.

ಫ್ಯೂಸಿನ ಜಾತಿ

ಗಾಜಿನ ಕೊಳವೆಯ ಫ್ಯೂಸ್ ದೋಣಿಗೆ ಬೇಡ. ಎರಡು ತುದಿಯ ಟೋಪಿಗಳು ಸ್ಪ್ರಿಂಗಿನ ಒತ್ತಡದಲ್ಲಷ್ಟೇ ತಾಗಿಕೊಂಡಿರುತ್ತವೆ. ಅಲ್ಲಿ ಕಿಲುಬು ಹಿಡಿದರೆ ಫ್ಯೂಸ್ ನೋಡಲು ಚೆನ್ನಾಗಿಯೇ ಇದ್ದು ದೀಪ ಮಂಕಾಗುತ್ತದೆ. ಬ್ಲೇಡ್ ಫ್ಯೂಸ್ ಗಟ್ಟಿಯಾಗಿ ಕಚ್ಚುತ್ತದೆ, ಬಣ್ಣ ನೋಡಿ ಗುರುತಿಸಬಹುದು: 2 ಆಂಪ್ ಬೂದು, 3 ನೇರಳೆ, 5 ಕಂದು ಮಿಶ್ರಿತ ತೆಳು ಹಳದಿ, 15 ನೀಲಿ. ಫ್ಯೂಸ್ ಬ್ಲಾಕಿನ ಮುಚ್ಚಳದ ಒಳಗೆ ಪ್ರತಿ ಅಳತೆಯ ಎರಡೆರಡು ಬಿಡಿ ಫ್ಯೂಸ್ ಅಂಟಿಸಿಡಿ. ಬ್ರೇಕರ್ (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಆದರೆ ಕತ್ತಲಲ್ಲಿ ಬೆರಳಲ್ಲೇ ಮತ್ತೆ ಎತ್ತಬಹುದು, ಬಿಡಿ ಭಾಗ ಬೇಡ. ಆದರೆ 2-3 ಆಂಪಿನ ಬ್ರೇಕರ್ ಸುಲಭಕ್ಕೆ ಸಿಗುವುದಿಲ್ಲ, ದುಬಾರಿ. ಮೇಲಿನ 5 ಆಂಪಿಗೆ ಬ್ರೇಕರ್, ಕೆಳಗಿನ ದೀಪಗಳಿಗೆ ಬ್ಲೇಡ್: ಈ ಜೋಡಿ ಚೆನ್ನಾಗಿ ಹೊಂದುತ್ತದೆ. ಪೆಟ್ರೋಲ್ ಟ್ಯಾಂಕೋ ಎಂಜಿನ್ನೋ ಇರುವ ಮುಚ್ಚಿದ ಜಾಗದಲ್ಲಿ ಮಾತ್ರ ಸಾಧಾರಣ ಸ್ವಿಚ್, ಬ್ರೇಕರ್, ಫ್ಯೂಸ್ ಯಾವುದನ್ನೂ ಇಡಬೇಡಿ. ಒಂದು ಕಿಡಿ ಸಾಕು.

ವೈರು: ಎಷ್ಟು ದಪ್ಪ, ಯಾವ ತಾಮ್ರ

ಇ-11 ನ್ಯಾವಿಗೇಷನ್ ದೀಪಕ್ಕೆ ಶೇ. 3ಕ್ಕಿಂತ ಹೆಚ್ಚು ವೋಲ್ಟೇಜ್ ನಷ್ಟ ಒಪ್ಪುವುದಿಲ್ಲ. 12 ವೋಲ್ಟಿನಲ್ಲಿ ಅದು 0.36 ವೋಲ್ಟ್. ಸೂತ್ರ ಇಷ್ಟೇ: ಹೋಗಿ ಬರುವ ಒಟ್ಟು ಉದ್ದ (ಮೀಟರ್) × 0.0175 × ಆಂಪ್ ÷ ವೈರಿನ ಚದರ ಮಿ.ಮೀ. ಇಲ್ಲಿ ಎಡವುವುದು ಒಂದೇ ಕಡೆ: ಪಾಸಿಟಿವ್ ವೈರನ್ನಷ್ಟೇ ಅಳೆದು ನೆಗೆಟಿವ್ ಮರೆಯುವುದು. ಪ್ಯಾನೆಲ್‌ನಿಂದ ಮುಂತುದಿಗೆ ವೈರು ಬಳಸಿಕೊಂಡು ಹೋಗುವ ದಾರಿ 8 ಮೀಟರ್ ಆದರೆ ಲೆಕ್ಕಕ್ಕೆ 16.

ಆ 8 ಮೀಟರ್ ದೂರಕ್ಕೆ 25 ವ್ಯಾಟ್ ಬಲ್ಬ್ ಹಾಕಿದರೆ 1 ಚದರ ಮಿ.ಮೀ. ವೈರಿನಲ್ಲಿ 0.59 ವೋಲ್ಟ್ ಹೋಗುತ್ತದೆ, ಶೇ. 5ರ ಹತ್ತಿರ. 1.5ರಲ್ಲಿ 0.39, ಕೂದಲೆಳೆಯಷ್ಟು ಹೆಚ್ಚು. 2.5ರಲ್ಲಿ 0.24, ಸರಿಯಾಯಿತು. ಅದೇ ದೂರಕ್ಕೆ 2 ವ್ಯಾಟ್ ಎಲ್‌ಇಡಿ ಹಾಕಿದರೆ 1 ಚದರ ಮಿ.ಮೀ. ವೈರಿನಲ್ಲೂ ನಷ್ಟ 0.05 ವೋಲ್ಟ್ ಮಾತ್ರ. ಹಾಯಿದೋಣಿಯ ಕೂವೆಮರದ ತುದಿಗೆ ಇನ್ನೂ ಎದ್ದು ಕಾಣುತ್ತದೆ. 15 ಮೀಟರ್ ದಾರಿಗೆ 25 ವ್ಯಾಟ್ ಬಲ್ಬಾದರೆ 4 ಚದರ ಮಿ.ಮೀ. ಬೇಕು, 3 ವ್ಯಾಟ್ ಎಲ್‌ಇಡಿಯಾದರೆ 1.5ರಲ್ಲೇ ಶೇ. 1ರ ಒಳಗೆ ಮುಗಿಯುತ್ತದೆ. ಮರದ ತುದಿಯಲ್ಲಿ ಕಡಿಮೆಯಾದ ತೂಕವೂ ಲಾಭವೇ.

ಹಾಗೆಂದು ಎಲ್‌ಇಡಿಗೆ ಅರ್ಧ ಚದರ ಮಿ.ಮೀ. ವೈರು ಎಳೆಯಬೇಡಿ. ಅಷ್ಟು ತೆಳು ವೈರು ಕಾಲು ತಗುಲಿದರೆ, ಅಲುಗಾಟಕ್ಕೆ ಸಿಕ್ಕರೆ ತುಂಡಾಗುತ್ತದೆ. 1 ಚದರ ಮಿ.ಮೀ.ಗಿಂತ ಕೆಳಗೆ ಇಳಿಯದಿರುವುದು ಕ್ಷೇಮ, 1.5 ಎಳೆದರೆ ಮುಂದೆ ಯಾರಾದರೂ ಬಲ್ಬಿನ ದೀಪ ಹಾಕಿದರೂ ಬಹುಪಾಲು ನಡೆಯುತ್ತದೆ.

ತವರ ಲೇಪಿಸಿದ, ಸಣ್ಣ ಎಳೆಗಳ ತಾಮ್ರದ ವೈರನ್ನೇ ಕೊಳ್ಳಿ. ಸಾಧಾರಣ ವಾಹನದ ವೈರಿನ ತುದಿಯನ್ನು ಎರಡು ವರ್ಷದ ನಂತರ ಸುಲಿದು ನೋಡಿದರೆ ತಾಮ್ರ ಕಪ್ಪಾಗಿರುತ್ತದೆ. ಎಳೆಗಳ ನಡುವಿನ ಸಂದಿಯಲ್ಲಿ ತೇವ ಒಳಗೆ ಏರಿಕೊಂಡು ಹೋಗಿರುತ್ತದೆ. ಒಂದು ಗೇಣು ಕತ್ತರಿಸಿದರೂ ಮತ್ತೆ ಕಪ್ಪೇ. ಆಗ ಹೊಸ ಕನೆಕ್ಟರ್ ಹಾಕಿ ಪ್ರಯೋಜನವಿಲ್ಲ, ಇಡೀ ವೈರು ಹೊಸದಾಗಬೇಕು. ಮನೆಯ ಗೋಡೆಯ ಒಂಟಿ ಕಡ್ಡಿಯ ವೈರು ಅಲುಗಾಟಕ್ಕೆ ಮುರಿಯುತ್ತದೆ, ಅದರ ಮಾತೇ ಬೇಡ.

ನೆಗೆಟಿವ್ ವಿಷಯದಲ್ಲಿ ಜಿಪುಣತನ ಬೇಡ. ಮುಂದಿನ ದೀಪದಿಂದ ನೆಗೆಟಿವನ್ನು ಹಿಂದಿನ ದೀಪಕ್ಕೆ ಕೊಂಡಿ ಹಾಕಿ ಒಂದೇ ವೈರಲ್ಲಿ ತರುವ ಬದಲು ಪ್ರತಿ ದೀಪದ ನೆಗೆಟಿವನ್ನೂ ಎಲ್ಲ ನೆಗೆಟಿವ್ ಸೇರುವ ಲೋಹದ ಪಟ್ಟಿಯಾದ ಬಸ್‌ಬಾರ್‌ವರೆಗೆ ಪ್ರತ್ಯೇಕ ತನ್ನಿ. ನೆಗೆಟಿವ್ ಒಂದೇ ಆಗಿದ್ದರೆ ಫ್ಯೂಸ್ ಬೇರೆ ಮಾಡಿದ್ದರ ಅರ್ಧ ಲಾಭ ಹೋಯಿತು, ಒಂದು ಜಾಯಿಂಟ್ ಬಿಟ್ಟರೆ ಮತ್ತೆ ಎಲ್ಲವೂ ಕತ್ತಲೆ. ಅಲ್ಯೂಮಿನಿಯಂ ದೋಣಿಯ ಮೈಯನ್ನೇ ನೆಗೆಟಿವ್ ಆಗಿ ಬಳಸುವುದಂತೂ ಕೂಡದು. ಮೈಯಲ್ಲಿ ಹರಿಯುವ ಕರೆಂಟು ಲೋಹವನ್ನು ತಿನ್ನುತ್ತದೆ. ದಿಕ್ಸೂಚಿಯ ಹತ್ತಿರ ವೈರು ಹೋಗಲೇಬೇಕಾದರೆ ಪಾಸಿಟಿವ್-ನೆಗೆಟಿವ್ ಎರಡನ್ನೂ ಒಂದಕ್ಕೊಂದು ಹೊಸೆದು ಎಳೆಯಿರಿ, ಇಲ್ಲವಾದರೆ ದೀಪ ಹಾಕಿದಾಗೆಲ್ಲ ಸೂಜಿ ಕದಲಬಹುದು.

ಸ್ವಿಚ್

ಕೆಂಪು-ಹಸಿರು ಜೋಡಿ ದೀಪ ಒಂದು, ಸುತ್ತ ಕಾಣುವ ಬಿಳಿ ಒಂದು ಇರುವ ಎಂಜಿನ್ ದೋಣಿಗೆ ಎರಡು ಸ್ವಿಚ್ ಬೇಡ. ಆನ್-ಆಫ್-ಆನ್ ಇರುವ, ಆರು ಕಾಲಿನ ಡಬಲ್ ಪೋಲ್ ಸ್ವಿಚ್ ಒಂದೇ ಸಾಕು. ಮೇಲೆ ಒತ್ತಿದರೆ ಸಂಚಾರ, ಕೆಳಗೆ ಒತ್ತಿದರೆ ಲಂಗರು. ಕಾಲುಗಳು ಮೂರು ಮೂರರ ಎರಡು ಸಾಲು. ಮೊದಲ ಸಾಲಿನ ನಡುಗಾಲಿಗೆ ಬಿಳಿ ದೀಪದ ಫ್ಯೂಸಿನಿಂದ ಸಪ್ಲೈ ಕೊಟ್ಟು, ಅದೇ ಸಾಲಿನ ಎರಡು ತುದಿಗಾಲುಗಳನ್ನು ಒಂದಕ್ಕೊಂದು ಸೇರಿಸಿ ಬಿಳಿ ದೀಪಕ್ಕೆ ಒಯ್ಯಿರಿ. ಎರಡನೆಯ ಸಾಲಿನ ನಡುಗಾಲಿಗೆ ಕೆಂಪು-ಹಸಿರಿನ ಫ್ಯೂಸಿನಿಂದ ಸಪ್ಲೈ. ಸಂಚಾರದ ಸ್ಥಾನದಲ್ಲಿ ಜೋಡಿಯಾಗುವ ಒಂದು ತುದಿಗಾಲಿನಿಂದ ಮಾತ್ರ ಆ ದೀಪಕ್ಕೆ ವೈರು, ಇನ್ನೊಂದು ಖಾಲಿ. ಬಿಳಿ ಎರಡೂ ಸ್ಥಾನದಲ್ಲಿ ಉರಿಯುತ್ತದೆ, ಕೆಂಪು-ಹಸಿರು ಸಂಚಾರದಲ್ಲಿ ಮಾತ್ರ. ಹೀಗೆ ಮಾಡಿದರೆ ಎರಡು ದೀಪಗಳ ಫ್ಯೂಸೂ ಬೇರೆಯಾಯಿತು, ಸ್ವಿಚ್ಚೂ ಒಂದೇ ಆಯಿತು. ಟಾಗಲ್ ಸ್ವಿಚ್ಚಿನಲ್ಲಿ ಕಡ್ಡಿ ಮೇಲಿದ್ದಾಗ ಸಾಮಾನ್ಯವಾಗಿ ಕೂಡಿಕೊಳ್ಳುವುದು ಕೆಳಗಿನ ಕಾಲು, ಆದ್ದರಿಂದ ವೈರು ಸಿಕ್ಕಿಸುವ ಮೊದಲು ಮೀಟರ್ ಹಿಡಿದು ನೋಡಿ.

ಇದೇ ಕೆಲಸವನ್ನು ಮೂರು ಕಾಲಿನ ಸ್ವಿಚ್ ಮತ್ತು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್‌ನಿಂದಲೂ ಮಾಡುತ್ತಾರೆ. ಸಾಧಾರಣ ಡಯೋಡ್ 0.7 ವೋಲ್ಟ್ ನುಂಗುತ್ತದೆ, ಅಂದರೆ ಶೇ. 6. ವೈರಿನಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಯಿತು.

ಹಾಯಿದೋಣಿಯಲ್ಲಿ ಕೂವೆಮರದ ತುದಿಗೆ ಕೆಂಪು, ಹಸಿರು, ಬಿಳಿ ಮೂರೂ ಇರುವ ಒಂದೇ ದೀಪ ಹಾಕಲು 20 ಮೀಟರಿಗಿಂತ ಚಿಕ್ಕ ದೋಣಿಗೆ ಅವಕಾಶವಿದೆ. ದೂರಕ್ಕೆ ಕಾಣುತ್ತದೆ, ಒಂದೇ ದೀಪಕ್ಕೆ ಕರೆಂಟು. ಆದರೆ ಎಂಜಿನ್ ಹಾಕಿದ ಕೂಡಲೇ ಅದನ್ನು ಆರಿಸಿ ಕೆಳಗಿನ ದೀಪಗಳಿಗೆ ಬರಬೇಕು. ಮೇಲಿನದೂ ಕೆಳಗಿನದೂ ಒಟ್ಟಿಗೆ ಉರಿಯಬಾರದು. ಎರಡು ಬೇರೆ ಸ್ವಿಚ್ ಕೊಟ್ಟರೆ ಒಂದಲ್ಲ ಒಂದು ದಿನ ಎರಡೂ ಹತ್ತುತ್ತವೆ. ಒಂದು ಹತ್ತಿದರೆ ಇನ್ನೊಂದು ಆರುವ ಆನ್-ಆಫ್-ಆನ್ ಸ್ವಿಚ್ಚನ್ನೇ ಹಾಕಿ.

ಜಾಯಿಂಟ್

ನ್ಯಾವಿಗೇಷನ್ ದೀಪ ಕೆಡುವುದು ಬಹುಪಾಲು ಇಲ್ಲಿ. ಬೆಸುಗೆ ಹಾಕಿ ಟೇಪು ಸುತ್ತುವುದಕ್ಕಿಂತ, ಒಳಗೆ ಅಂಟು ಇರುವ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕನೆಕ್ಟರನ್ನು ರ‍್ಯಾಚೆಟ್ ಕ್ರಿಂಪರ್‌ನಿಂದ ಒತ್ತುವುದು ಮೇಲು. ಬೆಸುಗೆ ವೈರಿನೊಳಗೆ ಹರಿದು ಅಷ್ಟುದ್ದವನ್ನು ಕಡ್ಡಿಯಂತೆ ಮಾಡುತ್ತದೆ, ಅಲುಗಾಟಕ್ಕೆ ಕಡ್ಡಿ ಮುಗಿದ ಜಾಗದಲ್ಲೇ ಎಳೆಗಳು ಮುರಿಯುತ್ತವೆ. ಕ್ರಿಂಪ್ ಮಾಡಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ, ಆಮೇಲೆ ಬಿಸಿ ಮಾಡಿ. ಎರಡು ತುದಿಯಲ್ಲೂ ಅಂಟು ಒಂದು ತೆಳು ಉಂಗುರವಾಗಿ ಹೊರಗೆ ಇಣುಕಿದರೆ ನೀರು ಹೋಗದು. ಬಸ್‌ಬಾರಿಗೆ ಉಂಗುರದ ಟರ್ಮಿನಲ್, ಕವಲಿನದಲ್ಲ: ತಿರುಪು ಸಡಿಲವಾದರೂ ಉಂಗುರ ಕಳಚುವುದಿಲ್ಲ.

ದೀಪದೊಳಗೆ ಹೋಗುವ ಮೊದಲು ವೈರನ್ನು ಕೆಳಗೆ ಒಂದು ಕುಣಿಕೆ ಬಿಟ್ಟು ಮೇಲಕ್ಕೆ ಒಯ್ಯಿರಿ, ವೈರಿನ ಮೇಲೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. 45 ಸೆಂ.ಮೀ.ಗೊಂದು ಕಡೆ ಕ್ಲಿಪ್ಪು. ಕಿತ್ತು ಇಡಬಹುದಾದ ಕಂಬದ ದೀಪದಲ್ಲಿ ಬುಡದ ಸಾಕೆಟ್ಟೇ ದುರ್ಬಲ ಜಾಗ. ಅದರ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಕಂಬ ತೆಗೆದಾಗ ಮುಚ್ಚಳ ಹಾಕಿ. ಕಾಯಂ ಕಂಬಕ್ಕೆ ಜಾಗವಿದ್ದರೆ ಸಾಕೆಟ್ ಬಿಟ್ಟು, ವೈರನ್ನು ಗ್ಲ್ಯಾಂಡ್ (ವೈರಿನ ಸುತ್ತ ನೀರು ನುಗ್ಗದಂತೆ ಬಿಗಿಯುವ ತಿರುಪು) ಮೂಲಕ ಒಳಗೆ ತಂದು ಒಣ ಜಾಗದಲ್ಲಿ ಜೋಡಿಸಿ.

ಪರೀಕ್ಷೆ

ದೀಪ ಆರಿಸಿಟ್ಟು, ಇಲ್ಲವೇ ಬಲ್ಬ್ ತೆಗೆದು ವೋಲ್ಟೇಜ್ ನೋಡಿದರೆ ಏನೂ ತಿಳಿಯುವುದಿಲ್ಲ. ಕಿಲುಬು ತಿಂದ ಜಾಯಿಂಟಿನಾಚೆಗೂ ಮೀಟರ್ 12.6 ತೋರಿಸುತ್ತದೆ, ಏಕೆಂದರೆ ಕರೆಂಟು ಹರಿಯುತ್ತಿಲ್ಲ. ಎಲ್ಲ ದೀಪ ಉರಿಯುತ್ತಿರುವಾಗ ಬ್ಯಾಟರಿಯ ಕಾಲುಗಳ ಮೇಲೆ ಒಮ್ಮೆ, ದೀಪದ ಬುಡದಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ 0.36ಕ್ಕಿಂತ ಹೆಚ್ಚಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದನ್ನು ದೀಪದ ಪಾಸಿಟಿವ್ ಮೇಲೆ ಇಟ್ಟು ನೋಡಿ (ಉದ್ದಕ್ಕೆ ಒಂದು ವೈರು ಸೇರಿಸಿಕೊಳ್ಳಬೇಕಾದೀತು). ನೆಗೆಟಿವ್‌ಗೂ ಹಾಗೆಯೇ. ನಷ್ಟ ಯಾವ ಕಡೆ ಎಂದು ಗೊತ್ತಾದ ಮೇಲೆ ಫ್ಯೂಸ್, ಸ್ವಿಚ್, ಜಾಯಿಂಟ್ ಒಂದೊಂದೇ ದಾಟುತ್ತಾ ಬಂದರೆ ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿಯೇ ರೋಗ.

ಎಲ್‌ಇಡಿ ಹಾಕಿದವರಿಗೆ ಇನ್ನೊಂದು ಪರೀಕ್ಷೆ ಇದೆ. ಕೆಲವು ಎಲ್‌ಇಡಿ ಡ್ರೈವರ್‌ಗಳು ವಿಎಚ್ಎಫ್ ರೇಡಿಯೊಗೂ, ಹಡಗುಗಳು ತಮ್ಮ ಸ್ಥಾನವನ್ನು ಪರಸ್ಪರ ತಿಳಿಸುವ ಎಐಎಸ್‌ಗೂ ಅಡ್ಡಿ ಮಾಡುತ್ತವೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ದೀಪ ಆರಿಸಿ, ರೇಡಿಯೊವನ್ನು ಯಾರೂ ಮಾತಾಡದ ಚಾನೆಲ್‌ಗೆ ಇಟ್ಟು, ಗರಗರ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ತಡೆಯುವ ಗುಂಡಿ) ತಿರುಗಿಸಿ. ಈಗ ದೀಪ ಹಾಕಿ. ಸದ್ದು ಮತ್ತೆ ಬಂದರೆ ಆ ದೀಪ ರೇಡಿಯೊದ ಕಿವಿ ಮುಚ್ಚುತ್ತಿದೆ. ದೀಪಗಳನ್ನು ಒಂದೊಂದಾಗಿ ಫ್ಯೂಸ್ ಕಿತ್ತು ನೋಡಿ. ತಪ್ಪಿತಸ್ಥ ದೀಪ ಸಿಕ್ಕಮೇಲೆ ಅದರ ವೈರನ್ನು ಆಂಟೆನಾ ಕೇಬಲ್‌ನಿಂದ ದೂರ ಸರಿಸಿ, ಆಗಲೂ ನಿಲ್ಲದಿದ್ದರೆ ದೀಪ ಬದಲಿಸಿ.